ಎಚ್ಚರಿಕೆಯ ದನಿ

ದಾರಿಯಲ್ಲಿ ನಡೆಯುವವನು ಒಬ್ಬನೇ ಆಗಿದ್ದರೆ ಅವನಿಗೆ ದನಿಯ ಅಗತ್ಯವಿರುವುದಿಲ್ಲ. ಇನ್ನೊಬ್ಬ ದಾರಿಗನು ಎದುರಾದೊಡನೆ ದಾರಿಯು ಇಬ್ಬರ ಸೊತ್ತಾಗುತ್ತದೆ. ಒಬ್ಬನ ಬರವನ್ನು ಇನ್ನೊಬ್ಬನಿಗೆ ತಿಳಿಸುವ ಉಪಾಯವೊಂದು ಬೇಕಾಗುತ್ತದೆ. ಎತ್ತಿನ ಕೊರಳಿಗೆ ಕಟ್ಟಿದ ಗಂಟೆ ಅಂಥದೊಂದು ಉಪಾಯ. ಇರುಳಿನಲ್ಲಿ ಗಾಡಿಯ ಗಂಟೆಗಳ ಸದ್ದು ಕೇಳಿಸಿದರೆ ಎದುರಿನ ಗಾಡಿಯವನು ತನ್ನ ಎತ್ತುಗಳನ್ನು ಬದಿಗೆ ಸರಿಸಿಕೊಳ್ಳುತ್ತಿದ್ದನು. ಊರಿಂದೂರಿಗೆ ಟಪಾಲು ಹೊತ್ತು ಓಡುತ್ತಿದ್ದ ಅಂಚೆಯ ಹರಿಕಾರನ ಕೋಲಿನಲ್ಲಿಯೂ ಗೆಜ್ಜೆಗಳಿರುತ್ತಿದ್ದವು. ಆ ಸದ್ದು ಕಾಡುಮೃಗಗಳನ್ನು ದೂರ ಸರಿಸುತ್ತಿತ್ತು. ಅಂಚೆ ಬಂದಿತೆಂಬ ವಾರ್ತೆಯನ್ನು ಊರಿಗೆ ಮುಟ್ಟಿಸುತ್ತಿತ್ತು. ಸೈಕಲ್ಲಿನ ಪುಟ್ಟ ಗಂಟೆಯೂ ಇದೇ ವಂಶಕ್ಕೆ ಸೇರಿದ್ದು. ಇವೆಲ್ಲವೂ 'ಬರುತ್ತಿದ್ದೇನೆ, ಗಮನವಿರಲಿ' ಎಂದು ತಿಳಿಸುವ ದನಿಗಳೇ ಹೊರತು 'ದಾರಿ ಬಿಡು' ಎಂದು ಗದರಿಸುವ ದನಿಗಳಲ್ಲ.

ಯಂತ್ರಶಕ್ತಿಯಿಂದ ಓಡುವ ವಾಹನಗಳು ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಮೊದಮೊದಲು ಅವುಗಳ ಬಗೆಗೆ ಜನರಿಗೆ ಎಷ್ಟು ಅಂಜಿಕೆಯಿತ್ತೆಂದರೆ, ಬ್ರಿಟನ್ನಿನಲ್ಲಿ 1865ರಲ್ಲಿ ಆದ ಕಾಯ್ದೆಯೊಂದು, ಅಂಥ ವಾಹನದ ಮುಂದೆ 60 ಗಜಗಳಷ್ಟು ದೂರದಲ್ಲಿ ಒಬ್ಬ ಮನುಷ್ಯನು ಕೆಂಪು ಬಾವುಟ ಹಿಡಿದು ನಡೆಯಬೇಕೆಂದು ವಿಧಿಸಿತ್ತು. ವಾಹನಗಳ ವೇಗ ಹೆಚ್ಚಿದಂತೆ ಬಾವುಟದವನು ಮರೆಯಾದನು. ಅವನ ಕೆಲಸವನ್ನು ಹಾರನ್ನು ವಹಿಸಿಕೊಂಡಿತು. ರಬ್ಬರಿನ ಚೆಂಡನ್ನು ಹಿಸುಕಿ ಊದಿಸುವ ತುತ್ತೂರಿ ಮೊದಲು ಬಳಕೆಯಲ್ಲಿತ್ತು. ಆಮೇಲೆ, 1908ರ ವೇಳೆಗೆ, ಅಮೆರಿಕದಲ್ಲಿ ಕ್ಲಾಕ್ಸನ್ ಎಂಬ ವಿದ್ಯುತ್ ಹಾರನ್ನು ಮಾರುಕಟ್ಟೆಗೆ ಬಂದಿತು. 'ಕಿರಿಚು' ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಆ ಹೆಸರಿಟ್ಟರು. ಅದನ್ನು ನಿರ್ಮಿಸಿದ ಮಿಲ್ಲರ್ ರೀಸ್ ಹಚಿಸನ್ ಎಂಬಾತನೇ ಅದಕ್ಕೆ ಕೆಲವು ವರ್ಷಗಳ ಹಿಂದೆ, ಕಿವಿ ಕೇಳಿಸದವರಿಗಾಗಿ ವಿದ್ಯುತ್ತಿನಿಂದ ಕೆಲಸ ಮಾಡುವ ಶ್ರವಣ ಸಾಧನವನ್ನೂ ನಿರ್ಮಿಸಿದ್ದನು. ಕೇಳಿಸದವರಿಗೆ ಕೇಳಿಸುವಂತೆ ಮಾಡಿದ ಕೈಯೇ ಕೇಳುವವರ ಕಿವಿ ನೋಯಿಸುವ ಸಾಧನವನ್ನೂ ಮಾಡಿತೆಂಬುದು ಒಂದು ವಿಚಿತ್ರ.

ಹಾರನ್ನಿನ ಬಗೆಗೆ ವಿಚಾರ ಮಾಡುವಾಗ ಇಂದಿನ ಒಬ್ಬ ತರುಣನನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅವನ ಮನೆ ಹಳ್ಳಿಯಲ್ಲಿ, ಕೆಲಸ ತಾಲ್ಲೂಕು ಕೇಂದ್ರದಲ್ಲಿ, ನಡುವೆ ಹೆದ್ದಾರಿ. ಕಂತಿನ ಸಾಲದಲ್ಲಿ ಕೊಂಡ ಮೋಟಾರು ಸೈಕಲ್ಲೊಂದು ಅವನನ್ನು ದಿನವೂ ಹೊತ್ತೊಯ್ದು ಮರಳಿ ತರುತ್ತದೆ. ಒಂದು ಸಂಜೆ ಅವನು ಲಾರಿಯೊಂದರ ಎಡಬದಿಯಲ್ಲಿ ಸಾಗುತ್ತಿದ್ದಾಗ ಆ ಲಾರಿ ಇದ್ದಕ್ಕಿದ್ದಂತೆ ಎಡಕ್ಕೆ ವಾಲಿತು. ಅವನು ಹಾರನ್ ಒತ್ತಿದನು. ಶೀತವಾದ ಮೇಕೆಮರಿಯ ಕೂಗಿನಂಥ ಕ್ಷೀಣಸ್ವರವೊಂದು ಹೊರಟು ಲಾರಿಯ ಎಂಜಿನ್ನಿನ ಮೊರೆತದಲ್ಲಿ ಅಡಗಿಹೋಯಿತು. ತರುಣನು ರಸ್ತೆಯ ಅಂಚಿನ ಜಲ್ಲಿಯ ಮೇಲೆ ವಾಹನವನ್ನು ಇಳಿಸಿ ಉರುಳಿಬಿದ್ದನು. ಮೊಣಕಾಲು ತರಚಿತು, ಪ್ರಾಣ ಉಳಿಯಿತು. ಲಾರಿಯವನಿಗೆ ಹಿಂದೆ ಏನಾಯಿತೆಂಬುದೇ ತಿಳಿಯಲಿಲ್ಲ. ಮರುದಿನ ತರುಣನು ಮೆಕ್ಯಾನಿಕ್ಕನ ಅಂಗಡಿಗೆ ಹೋಗಿ, 'ಇದನ್ನು ಕಿತ್ತುಹಾಕಿ. ಬಸ್ಸಿನವರು ಬೆಚ್ಚಿಬೀಳುವಂಥದನ್ನು ಹಾಕಿಕೊಡಿ' ಎಂದನು.

ಅವನ ಬೇಡಿಕೆಯನ್ನು ಹುಡುಗಾಟಿಕೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಗೋಡೆ, ಬಾಗಿಲುಗಳ ನಡುವೆ ಕುಳಿತು ಕಾರಿನಲ್ಲಿ ಸಾಗುವವನಿಗೆ ಇರುವ ರಕ್ಷೆ ಎರಡು ಗಾಲಿಗಳ ಮೇಲೆ ಸಾಗುವವನಿಗೆ ಇಲ್ಲ. ಅವನ ಮೈಯೇ ಅವನ ವಾಹನದ ಹೊರಮೈ. ದೊಡ್ಡ ವಾಹನದವನ ಕ್ಷಣಕಾಲದ ಅಲಕ್ಷ್ಯಕ್ಕೆ ಚಿಕ್ಕ ವಾಹನದವನು ಪ್ರಾಣದ ಬೆಲೆ ತೆರಬೇಕಾಗುತ್ತದೆ. ಅಂಥವನು 'ನನ್ನ ದನಿ ಕೇಳಿಸಲಿ' ಎಂದು ಬಯಸಿದರೆ ಅದರಲ್ಲಿ ತಪ್ಪೇನಿದೆ? ಆದರೆ ಕೇಳಿಸುವುದು ಬೇರೆ, ಬೆಚ್ಚಿಬೀಳಿಸುವುದು ಬೇರೆ. ಇವೆರಡರ ನಡುವಣ ಗೆರೆಯನ್ನು ಗುರುತಿಸುವುದೇ ಇಲ್ಲಿನ ವಿವೇಕ.

ಮೆಕ್ಯಾನಿಕ್ಕನು ಅನುಭವಸ್ಥನಾಗಿದ್ದರೆ ಹೊಸ ಹಾರನ್ನನ್ನು ಮಾರುವ ಮೊದಲು ಹಳೆಯದನ್ನು ಪರೀಕ್ಷಿಸುತ್ತಾನೆ. ವಿದ್ಯುತ್ ಹಾರನ್ನಿನ ರಚನೆ ಸರಳವಾದುದು. ಅದರೊಳಗೆ ತಂತಿಯ ಸುರುಳಿಯಿಂದಾದ ಒಂದು ವಿದ್ಯುದಯಸ್ಕಾಂತವಿದೆ. ಅದರ ಮುಂದೆ ತೆಳುವಾದ ಉಕ್ಕಿನ ತಗಡು ಇದೆ. ಗುಂಡಿಯನ್ನು ಒತ್ತಿದಾಗ ಸುರುಳಿಯಲ್ಲಿ ವಿದ್ಯುತ್ತು ಹರಿದು ಅಯಸ್ಕಾಂತವು ತಗಡನ್ನು ತನ್ನೆಡೆಗೆ ಸೆಳೆಯುತ್ತದೆ. ತಗಡು ಹತ್ತಿರ ಬಂದೊಡನೆ ಸಂಪರ್ಕದ ಬಿಂದುಗಳು ಬೇರ್ಪಟ್ಟು ವಿದ್ಯುತ್ತು ನಿಲ್ಲುತ್ತದೆ. ತಗಡು ಹಿಂದಕ್ಕೆ ಚಿಮ್ಮುತ್ತದೆ. ಬಿಂದುಗಳು ಮತ್ತೆ ಕೂಡುತ್ತವೆ. ಈ ಸೆಳೆತ ಬಿಡುಗಡೆಗಳು ಸೆಕೆಂಡಿಗೆ ಸುಮಾರು 400 ಬಾರಿ ನಡೆಯುತ್ತವೆ. ಆ ಕಂಪನವೇ ಕಿವಿಗೆ ದನಿಯಾಗಿ ಕೇಳಿಸುತ್ತದೆ. ಮಳೆನೀರು, ಕೆಸರು, ಧೂಳುಗಳು ಸೇರಿ ತಂತಿಯ ತುದಿಗಳಿಗೆ ತುಕ್ಕು ಹಿಡಿದರೆ, ಗುಂಡಿಯ ಒಳಗಿನ ಸಂಪರ್ಕ ಕಪ್ಪಾದರೆ, ಇಲ್ಲವೆ ಬ್ಯಾಟರಿ ಬಡವಾದರೆ ದನಿ ಕುಗ್ಗುತ್ತದೆ. ತುದಿಗಳನ್ನು ಉಜ್ಜಿ ಬಿಗಿಗೊಳಿಸಿ, ಹಿಂಬದಿಯ ತಿರುಪನ್ನು ಸ್ವಲ್ಪವೇ ತಿರುಗಿಸಿ ಹದಗೊಳಿಸಿದರೆ ಸತ್ತಂತಿದ್ದ ಹಾರನ್ನು ಎಷ್ಟೋ ವೇಳೆ ಮತ್ತೆ ಕೂಗುತ್ತದೆ. ದನಿ ಕ್ಷೀಣವಾದುದಕ್ಕೆಲ್ಲ ಹೊಸ ಗಂಟಲೇ ಮದ್ದಲ್ಲ.

ಆದರೂ ಕೆಲವು ವಾಹನಗಳ ಮೂಲ ಹಾರನ್ನು ಹುಟ್ಟಿನಿಂದಲೇ ಬಡಕಲಾಗಿರುತ್ತದೆ. ಆಗ, ನಿಯಮಕ್ಕೆ ಒಪ್ಪುವ ಸ್ವಲ್ಪ ಗಟ್ಟಿಯಾದ ಹಾರನ್ನನ್ನೋ, ಒಂದು ಮಂದ್ರ ಒಂದು ತಾರಸ್ವರದ ಜೋಡಿಯನ್ನೋ ಹಾಕಿಸಿಕೊಳ್ಳುವುದು ಅಪರಾಧವಲ್ಲ. ಇಲ್ಲಿಯೇ ಅನೇಕರು ಎಡವುವುದು. ಹಳೆಯ ಹಾರನ್ನನ್ನು ಬಿಚ್ಚಿ, ಅದೇ ತಂತಿಗೆ ಹೊಸದನ್ನು ಸಿಕ್ಕಿಸಿದರೆ ಮುಗಿಯಿತೆಂದು ಅವರು ಭಾವಿಸುತ್ತಾರೆ. ಹಳೆಯ ಹಾರನ್ನಿಗೆ ಎರಡು ಮೂರು ಆಂಪಿಯರುಗಳಷ್ಟು ವಿದ್ಯುತ್ ಸಾಕಾಗಿದ್ದರೆ, ಗಟ್ಟಿಯಾದ ಜೋಡಿಗೆ ಸುಮಾರು 10 ಆಂಪಿಯರುಗಳು ಬೇಕು. ಹಿಡಿಕೆಯ ಗುಂಡಿಯವರೆಗೆ ಸುತ್ತಿ ಬರುವ ಸಣ್ಣ ತಂತಿಗಳಲ್ಲಿಯೂ ಸಂಪರ್ಕಗಳಲ್ಲಿಯೂ ಒಟ್ಟು ರೋಧ 0.3 ಓಮ್ ಇದೆಯೆಂದು ಭಾವಿಸೋಣ. ಓಮನ ನಿಯಮದಂತೆ 10 ಆಂಪಿಯರು ಹರಿದರೆ 3 ವೋಲ್ಟು ದಾರಿಯಲ್ಲಿಯೇ ಸೋರಿಹೋಗುತ್ತದೆ. ಬ್ಯಾಟರಿಯ 12 ವೋಲ್ಟಿನಲ್ಲಿ ಹಾರನ್ನಿಗೆ ಮುಟ್ಟುವುದು 9 ವೋಲ್ಟು ಮಾತ್ರ. ಉಳಿದದ್ದು 30 ವ್ಯಾಟುಗಳ ಕಾವಾಗಿ ತಂತಿಯನ್ನೂ ಗುಂಡಿಯನ್ನೂ ಸುಡುತ್ತದೆ. ಹಣ ಕೊಟ್ಟು ತಂದ ಹಾರನ್ನು ಅರೆಬರೆ ಕೂಗುತ್ತದೆ; ತಂತಿಯ ಹೊದಿಕೆ ಕರಗಿ, ಅದು ಲೋಹಕ್ಕೆ ತಗುಲಿದರೆ ಬೆಂಕಿಯೂ ಹೊತ್ತಿಕೊಳ್ಳಬಹುದು.

ಇದಕ್ಕೆ ಪರಿಹಾರವೇ ರಿಲೇ ಎಂಬ ಪುಟ್ಟ ಪೆಟ್ಟಿಗೆ. ಅದರ ನಾಲ್ಕು ಕಾಲುಗಳ ಮೇಲೆ 30, 85, 86, 87 ಎಂಬ ಅಂಕೆಗಳಿರುತ್ತವೆ. 85 ಮತ್ತು 86 ಎಂಬವು ಒಳಗಿನ ಸಣ್ಣ ಸುರುಳಿಯ ತುದಿಗಳು. ಗುಂಡಿಯಿಂದ ಬರುವ ಹಳೆಯ ತಂತಿಗಳು ಇವುಗಳಿಗೆ ಸೇರುತ್ತವೆ. ಬ್ಯಾಟರಿಯಿಂದ ದಪ್ಪ ತಂತಿಯೊಂದು ಫ್ಯೂಸಿನ ಮೂಲಕ 30ಕ್ಕೆ ಬರುತ್ತದೆ. 87ರಿಂದ ಹಾರನ್ನಿಗೆ ಹೋಗುತ್ತದೆ. ಗುಂಡಿ ಒತ್ತಿದಾಗ ಸುರುಳಿಯಲ್ಲಿ ಹರಿಯುವುದು ಒಂದು ಆಂಪಿಯರಿನ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆ ಕಿರಿಯ ಪ್ರವಾಹವು ಬಾಗಿಲನ್ನು ತೆರೆಯುತ್ತದೆ. ಹಿರಿಯ ಪ್ರವಾಹವು ತನ್ನದೇ ಅಗಲವಾದ ದಾರಿಯಲ್ಲಿ ಹರಿದುಹೋಗುತ್ತದೆ. ಫ್ಯೂಸನ್ನು ಬ್ಯಾಟರಿಗೆ ಸಮೀಪದಲ್ಲಿಯೇ ಇಡಬೇಕು. ತಂತಿ ಎಲ್ಲಿಯಾದರೂ ತರಚಿ ಲೋಹಕ್ಕೆ ತಗುಲಿದರೆ ವಾಹನ ಸುಡುವ ಮುನ್ನ ಫ್ಯೂಸು ತಾನೇ ಸುಟ್ಟು ದಾರಿಯನ್ನು ಕಡಿಯುತ್ತದೆ. ಹಿಡಿಕೆಯನ್ನು ಎಡಬಲಗಳಿಗೆ ಪೂರ್ತಿ ತಿರುಗಿಸಿದಾಗಲೂ, ಮುಂಗಾಲಿನ ಸ್ಪ್ರಿಂಗು ಅಡಗಿದಾಗಲೂ ಹಾರನ್ನು ಎಲ್ಲಿಯೂ ತಾಗದಂತಿರಬೇಕು. ಅದರ ಬಾಯಿ ಸ್ವಲ್ಪ ಕೆಳಮೊಗವಾಗಿದ್ದರೆ ಮಳೆನೀರು ನಿಲ್ಲುವುದಿಲ್ಲ. ಇಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಕಾಣದ ಕಡೆ ಮಾಡಿದ ಅಚ್ಚುಕಟ್ಟಿನ ಮೇಲೆಯೇ ಮನುಷ್ಯನ ಸುರಕ್ಷಿತತೆ ನಿಂತಿದೆ.

ತಂತಿಯ ಪ್ರಶ್ನೆ ಹೀಗೆ ಬಗೆಹರಿಯಿತು. ಆದರೆ ದನಿಯ ಪ್ರಶ್ನೆ ಉಳಿದೇ ಇದೆ. ಎಷ್ಟು ಗಟ್ಟಿಯಾದರೆ ಸಾಕು? ಶಬ್ದವನ್ನು ಅಳೆಯುವ ಮಾನ ಡೆಸಿಬಲ್. ಇದರ ಲೆಕ್ಕ ಸಾಮಾನ್ಯ ಲೆಕ್ಕದಂತಲ್ಲ. 100 ಡೆಸಿಬಲ್ಲಿನ ದನಿಗಿಂತ 110 ಡೆಸಿಬಲ್ಲಿನ ದನಿ ಹತ್ತರಲ್ಲೊಂದು ಪಾಲು ಹೆಚ್ಚೆಂದು ತಿಳಿದರೆ ತಪ್ಪಾಗುತ್ತದೆ. ಅದರ ಶಕ್ತಿ ಹತ್ತುಪಟ್ಟು. 120 ಆದರೆ ನೂರುಪಟ್ಟು. ಕಾಗದದ ಮೇಲೆ ಅಂಕೆ ಮೆಲ್ಲನೆ ಏರುತ್ತದೆ. ಕಿವಿಯ ಮೇಲೆ ಹೊರೆ ನಾಗಾಲೋಟದಲ್ಲಿ ಏರುತ್ತದೆ.

ಇನ್ನೊಂದು ಸಂಗತಿಯನ್ನು ಹಾರನ್ ಪ್ರಿಯರು ಗಮನಿಸುವುದೇ ಇಲ್ಲ. ಹಾರನ್ನು ಬಾಣವಲ್ಲ, ಗುರಿಯಿಟ್ಟು ಒಬ್ಬನಿಗೇ ಮುಟ್ಟಿಸಲು ಬರುವುದಿಲ್ಲ. ಅದರ ದನಿ ಎಲ್ಲ ದಿಕ್ಕಿಗೂ ಹರಡುತ್ತದೆ; ದೂರ ಹೋದಂತೆ ದೂರದ ವರ್ಗಕ್ಕೆ ಅನುಗುಣವಾಗಿ ಕುಗ್ಗುತ್ತದೆ. 20 ಮೀಟರು ಮುಂದಿರುವ ಲಾರಿಯವನಿಗಾಗಿ ತರುಣನು ಹಾರನ್ ಒತ್ತಿದನೆಂದು ಭಾವಿಸಿದರೆ, ರಸ್ತೆಯ ಬದಿಯಲ್ಲಿ 2 ಮೀಟರು ದೂರದಲ್ಲಿ ತಾಯಿಯ ಸೊಂಟದ ಮೇಲಿರುವ ಕೂಸಿನ ಕಿವಿಗೆ ಬೀಳುವ ಪೆಟ್ಟು ಲಾರಿಯವನಿಗೆ ಬೀಳುವುದಕ್ಕಿಂತ ನೂರುಪಟ್ಟು ಹೆಚ್ಚು. ಲಾರಿಯವನು ಗಾಜು ಏರಿಸಿಕೊಂಡು, ಎಂಜಿನ್ನಿನ ಮೊರೆತದ ನಡುವೆ, ಹಾಡು ಹಾಕಿಕೊಂಡು ಕುಳಿತಿರಬಹುದು. ಕೂಸಿಗೆ ಗಾಜಿಲ್ಲ. ಯಾರಿಗೆ ಎಚ್ಚರಿಕೆ ಬೇಕೋ ಅವನಿಗೆ ಎಲ್ಲರಿಗಿಂತ ಕಡಿಮೆ, ಯಾರಿಗೆ ಅದು ಬೇಡವೋ ಅವರಿಗೆ ಎಲ್ಲರಿಗಿಂತ ಹೆಚ್ಚು ಕೇಳಿಸುವುದು ಕರ್ಕಶ ಹಾರನ್ನಿನ ಸ್ವಭಾವ. ಹಾರನ್ನು ಹೆಚ್ಚು ಗಟ್ಟಿಯಾದಷ್ಟೂ ಈ ಅನ್ಯಾಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಅಂಥ ಕದವಿಲ್ಲ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ಅಂಗವಿದೆ. ಅದರೊಳಗೆ ಕೂದಲಿನಂಥ ಎಳೆಗಳುಳ್ಳ ಸೂಕ್ಷ್ಮ ಜೀವಕೋಶಗಳಿವೆ. ಶಬ್ದದ ಕಂಪನವನ್ನು ಮಿದುಳಿಗೆ ಅರ್ಥವಾಗುವ ಸಂಕೇತವಾಗಿ ಮಾರ್ಪಡಿಸುವವು ಅವೇ. ಭಾರೀ ಶಬ್ದದ ಹೊಡೆತಕ್ಕೆ ಸತ್ತ ಕೋಶಗಳು ಮನುಷ್ಯರಲ್ಲಿ ಮರಳಿ ಹುಟ್ಟುವುದಿಲ್ಲ. 85 ಡೆಸಿಬಲ್ಲಿನ ಶಬ್ದದಲ್ಲಿ ದಿನಕ್ಕೆ ಎಂಟು ಗಂಟೆಗಳಿಗಿಂತ ಹೆಚ್ಚು ಹೊತ್ತು ಇರಬಾರದೆಂದು ಕಾರ್ಮಿಕರ ಆರೋಗ್ಯವನ್ನು ಕುರಿತ ತಜ್ಞರು ಹೇಳುತ್ತಾರೆ. ಶಬ್ದ 3 ಡೆಸಿಬಲ್ ಏರಿದಾಗಲೆಲ್ಲ ಈ ಅವಧಿ ಅರ್ಧಕ್ಕೆ ಇಳಿಯುತ್ತದೆ. ಮೋಟಾರು ಸೈಕಲ್ಲಿನವನು ಹಾರನ್ ಒತ್ತಿ ಮುಂದೆ ಸಾಗಿಬಿಡುತ್ತಾನೆ. ಆದರೆ ಚೌಕದ ನಡುವೆ ನಿಂತ ಸಂಚಾರ ಪೊಲೀಸಿನವನು, ಮೂಲೆಯಲ್ಲಿ ಹೂ ಕಟ್ಟುವ ಹೆಂಗಸು, ಎದುರಿನ ಅಂಗಡಿಯಲ್ಲಿ ಬಟ್ಟೆ ಹೊಲಿಯುವ ದರ್ಜಿ ಎಲ್ಲಿಯೂ ಸಾಗುವುದಿಲ್ಲ. ಸಾವಿರ ಜನರ ಒಂದೊಂದು ಕ್ಷಣದ ಅವಸರ ಅವರ ಕಿವಿಯಲ್ಲಿ ದಿನದ ಮೊತ್ತವಾಗಿ ಕೂಡುತ್ತದೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೆಯ ನಿಯಮವು, ಪ್ರತಿಯೊಂದು ಮೋಟಾರು ವಾಹನಕ್ಕೂ ಸಾಕಷ್ಟು ಕೇಳಿಸುವ ಹಾರನ್ನು ಇರಬೇಕೆಂದು ಹೇಳುತ್ತದೆ. ಜೊತೆಗೆ, ಒಂದಾದ ಮೇಲೊಂದರಂತೆ ಬೇರೆ ಬೇರೆ ಸ್ವರಗಳನ್ನು ಹೊರಡಿಸುವ ಅಥವಾ ಅತಿ ಕರ್ಕಶವಾದ, ಗಾಬರಿ ಹುಟ್ಟಿಸುವ ಸದ್ದು ಮಾಡುವ ಸಾಧನವನ್ನು ನಿಷೇಧಿಸುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ಆಸ್ಪತ್ರೆ, ವಿದ್ಯಾಸಂಸ್ಥೆ, ನ್ಯಾಯಾಲಯಗಳ ಸುತ್ತ 100 ಮೀಟರಿನ ಪ್ರದೇಶವನ್ನು ನಿಶ್ಶಬ್ದ ವಲಯವಾಗಿ ಗುರುತಿಸಲು ಅವಕಾಶ ಕೊಟ್ಟಿವೆ. ಅಲ್ಲಿ ಹಗಲಿನ ಮಿತಿ 50 ಡೆಸಿಬಲ್. 2005ರ ಜುಲೈ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ವಸತಿ ಪ್ರದೇಶಗಳಲ್ಲಿ ರಾತ್ರಿ 10 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ ವಿಶೇಷ ಕಾರಣವಿಲ್ಲದೆ ಹಾರನ್ ಮಾಡಬಾರದೆಂದು ನಿರ್ದೇಶಿಸಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು ಅನಗತ್ಯವಾಗಿಯೋ ಎಡೆಬಿಡದೆಯೋ ಹಾರನ್ ಮಾಡುವವನಿಗೆ ಮೊದಲ ಬಾರಿಗೆ 1,000 ರೂಪಾಯಿ, ಮರಳಿ ಮಾಡಿದರೆ 2,000 ರೂಪಾಯಿ ದಂಡವನ್ನು ಹೇಳಿದೆ.

ಹಾಗಾದರೆ ಆ ಸಂಜೆ ತರುಣನಿಗೆ ಹತ್ತುಪಟ್ಟು ಗಟ್ಟಿಯಾದ ಹಾರನ್ನು ಇದ್ದಿದ್ದರೆ ಅವನು ಬೀಳುತ್ತಿರಲಿಲ್ಲವೆ? ಇರಬಹುದು. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಅವನು ಲಾರಿಯ ಎಡಬದಿಯಲ್ಲಿ ಏಕಿದ್ದನು? ಭಾರತದಲ್ಲಿ ವಾಹನಗಳು ರಸ್ತೆಯ ಎಡಗಡೆ ಸಾಗುತ್ತವೆ. ಚಾಲಕನು ಬಲಗಡೆ ಕುಳಿತಿರುತ್ತಾನೆ. ಲಾರಿಯ ಎಡಮಗ್ಗುಲು ಅವನ ಕಣ್ಣಿಗೆ ಬಹುಮಟ್ಟಿಗೆ ಮರೆ. ಮುಂದಿನ ವಾಹನವನ್ನು ಬಲಗಡೆಯಿಂದ ದಾಟಬೇಕೆಂಬ ನಿಯಮದ ಹಿಂದಿನ ಕಾರಣಗಳಲ್ಲಿ ಇದೂ ಒಂದು. ತರುಣನು ಆ ಮರೆಯೊಳಗೆ ತಾನಾಗಿಯೇ ನುಗ್ಗಿ, ಅಲ್ಲಿಂದ ಕೂಗಿದನು. ದಾಟುವ ಆತುರವನ್ನು ಒಂದು ನಿಮಿಷ ತಡೆದಿದ್ದರೆ ಅವನಿಗೆ ಕೂಗುವ ಅಗತ್ಯವೇ ಬೀಳುತ್ತಿರಲಿಲ್ಲ. ಇದನ್ನು ಹೇಳುವುದರಿಂದ ಹಿಂದುಮುಂದು ನೋಡದೆ ಎಡಕ್ಕೆ ತಿರುಗಿದ ಲಾರಿಯವನ ತಪ್ಪು ಕಡಿಮೆಯಾಗುವುದಿಲ್ಲ. ಆದರೆ ಲಾರಿಯವನ ತಪ್ಪನ್ನು ತಿದ್ದುವುದು ತರುಣನ ಕೈಯಲ್ಲಿಲ್ಲ. ತನ್ನದನ್ನು ತಿದ್ದಿಕೊಳ್ಳುವುದು ಅವನ ಕೈಯಲ್ಲಿದೆ.

ಹಾರನ್ನಿಗೂ ಬ್ರೇಕಿಗೂ ಇರುವ ಭೇದ ಇಲ್ಲಿಯೇ ಇದೆ. ಹಾರನ್ ಒತ್ತಿದವನ ಕ್ಷೇಮ ಇನ್ನೊಬ್ಬನನ್ನು ಅವಲಂಬಿಸಿರುತ್ತದೆ. ಆ ಇನ್ನೊಬ್ಬನು ದನಿಯನ್ನು ಕೇಳಬೇಕು, ಅದು ಎತ್ತಣಿಂದ ಬಂದಿತೆಂದು ತಿಳಿಯಬೇಕು, ತನಗಾಗಿಯೇ ಬಂದಿತೆಂದು ಬಗೆಯಬೇಕು, ಸರಿಯಾದ ಕಡೆಗೆ ಸರಿಯಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅಪಾಯ ತಪ್ಪದು. ಗಾಬರಿಗೊಂಡ ಪಾದಚಾರಿಯು ವಾಹನದ ಕಡೆಗೇ ಹಾರುವುದೂ ಉಂಟು. ಇನ್ನು, ಮುಂದಿರುವವನು ಕಿವಿ ಕೇಳಿಸದವನೇ ಆಗಿರಬಹುದು. ಶ್ರವಣದೋಷವುಳ್ಳವರೂ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಚಾಲನೆಯ ಪರವಾನಗಿ ಪಡೆಯಬಹುದೆಂದು ದೆಹಲಿಯ ಉಚ್ಚ ನ್ಯಾಯಾಲಯವು 2011ರಲ್ಲಿಯೇ ಹೇಳಿದೆ. ಅಂಥವರಿಗೂ ರಸ್ತೆ ಸೇರಿದ್ದು. ಬ್ರೇಕು ಯಾರ ಅನುಮತಿಗೂ ಕಾಯುವುದಿಲ್ಲ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಸಾಗುವವನು ಅಪಾಯವನ್ನು ಕಂಡು ಬ್ರೇಕು ಹಿಡಿಯಲು ಒಂದು ಸೆಕೆಂಡು ತೆಗೆದುಕೊಂಡರೆ, ಒಣಗಿದ ಒಳ್ಳೆಯ ರಸ್ತೆಯಲ್ಲಿಯೂ ನಿಲ್ಲುವ ಹೊತ್ತಿಗೆ ಸುಮಾರು 37 ಮೀಟರು ಸಾಗಿರುತ್ತಾನೆ. ವೇಗ 40 ಆಗಿದ್ದರೆ 20 ಮೀಟರು ಸಾಕು. ಜಗತ್ತಿನ ಯಾವ ಹಾರನ್ನೂ ಈ ಅಂತರವನ್ನು ಒಂದು ಗೇಣಿನಷ್ಟೂ ಕಡಿಮೆ ಮಾಡಲಾರದು.

'ಎಲ್ಲರೂ ಕೂಗುತ್ತಿರುವಾಗ ನಾನೊಬ್ಬನೇ ಮೆಲ್ಲಗೆ ನುಡಿದರೆ ಯಾರು ಕೇಳುತ್ತಾರೆ?' ಎಂಬ ಆಕ್ಷೇಪ ಬರಬಹುದು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಸಂತೆಯಲ್ಲಿ ಒಬ್ಬನು ದನಿಯೆತ್ತಿದರೆ ಪಕ್ಕದವನು ತನ್ನ ಮಾತು ಕೇಳಿಸಲೆಂದು ಇನ್ನೂ ಎತ್ತರದ ದನಿಯಲ್ಲಿ ಮಾತನಾಡುತ್ತಾನೆ. ಕೊನೆಗೆ ಎಲ್ಲರ ಗಂಟಲೂ ಒಡೆಯುತ್ತದೆ. ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ರಸ್ತೆಯಲ್ಲಿಯೂ ಇದೇ ನಡೆದಿದೆ. ಇಂಥ ಗದ್ದಲದಲ್ಲಿ ನಿಜವಾಗಿ ಕೇಳಿಸಲೇಬೇಕಾದ ಆಂಬುಲೆನ್ಸಿನ ದನಿಯೂ ಹತ್ತರಲ್ಲಿ ಹನ್ನೊಂದಾಗಿ ಹೋಗುತ್ತದೆ. ಇದನ್ನು ತಡೆಯುವ ಹೊಣೆಯನ್ನು ಕೇವಲ ಚಿಕ್ಕ ವಾಹನದವರ ಮೇಲೆ ಹೊರಿಸುವುದು ಸರಿಯಲ್ಲ. ಗಾಳಿಯ ಒತ್ತಡದಿಂದ ಕಿರಿಚುವ ಹಾರನ್ನುಗಳನ್ನು ಹೊತ್ತ ಬಸ್ಸು ಲಾರಿಗಳು ಎದುರಿಲ್ಲದೆ ಓಡಾಡುತ್ತಿರುವಾಗ, ಮೋಟಾರು ಸೈಕಲ್ಲಿನ ತರುಣನೊಬ್ಬನನ್ನು ನಿಲ್ಲಿಸಿ ದಂಡ ಹಾಕಿದರೆ ಅವನಿಗೆ ನಿಯಮದ ಮೇಲೆ ಗೌರವ ಹುಟ್ಟುವುದಿಲ್ಲ. ಹೆಚ್ಚು ಭಾರವುಳ್ಳವನ ದನಿಯೇ ಮೊದಲು ತಗ್ಗಬೇಕು. ಕಾನೂನಿನ ಕೈ ಮೊದಲು ಅತ್ತ ಚಾಚಬೇಕು.

ಇದು ಆಗದ ಮಾತೆಂದು ನಿರಾಶರಾಗಬೇಕಾಗಿಲ್ಲ. ಮಿಜೋರಾಮಿನ ರಾಜಧಾನಿ ಐಜ್ವಾಲ್ ಬೆಟ್ಟದ ಮೇಲಿನ ನಗರ. ಅಲ್ಲಿನ ರಸ್ತೆಗಳು ಇಕ್ಕಟ್ಟು, ಕಡಿದಾದ ಏರಿಳಿತಗಳಿಂದ ಕೂಡಿದವು, ವಾಹನಗಳಿಗೇನೂ ಕೊರತೆಯಿಲ್ಲ. ಆದರೂ ಅಲ್ಲಿನ ಜನ ಸಾಲು ಬಿಡದೆ, ಹಾರನ್ ಮಾಡದೆ ಸಾಗುವುದಕ್ಕೆ ಹೆಸರಾಗಿದ್ದಾರೆ. ನೇಪಾಳದ ಕಠ್ಮಂಡುವಿನಲ್ಲಿ 2017ರ ಏಪ್ರಿಲ್ ತಿಂಗಳಿನಲ್ಲಿ, ಅಲ್ಲಿನ ಹೊಸ ವರ್ಷದ ದಿನದಿಂದ, ಅನಗತ್ಯ ಹಾರನ್ನನ್ನು ನಿಷೇಧಿಸಿದರು. ಮುಂಬಯಿಯ ಸಂಚಾರ ಪೊಲೀಸರು ಒಂದು ಚತುರ ಪ್ರಯೋಗ ಮಾಡಿ 2020ರ ಜನವರಿಯಲ್ಲಿ ಅದನ್ನು ಜನರ ಮುಂದಿಟ್ಟರು. ಕೆಂಪು ದೀಪದ ಬಳಿ ಕಾಯುತ್ತಿರುವವರ ಹಾರನ್ನುಗಳ ಸದ್ದು 85 ಡೆಸಿಬಲ್ ದಾಟಿದರೆ ದೀಪದ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತಿತ್ತು. ಹೆಚ್ಚು ಕೂಗಿದವರು ಹೆಚ್ಚು ಕಾಯಬೇಕು! ಕೆಂಪು ದೀಪವು ಹಾರನ್ನಿನ ಸದ್ದಿಗೆ ಹಸಿರಾಗುವುದಿಲ್ಲವೆಂಬ ಸರಳ ಸತ್ಯವನ್ನು ಅದು ನಗುನಗುತ್ತಲೇ ಕಲಿಸಿತು.

ಹಾಗೆಂದು ಹಾರನ್ನು ಬೇಡವೇ ಬೇಡವೆಂದು ಯಾರೂ ಹೇಳಲಾರರು. ಮಲೆನಾಡಿನ ಘಟ್ಟದ ರಸ್ತೆಯಲ್ಲಿ ಇಳಿದವರಿಗೆ ಅದರ ಬೆಲೆ ಗೊತ್ತು. ಆಗುಂಬೆಯ ಘಾಟಿಯಲ್ಲಿ ಹಾವಿನಂತೆ ಹೊರಳುವ ತಿರುವುಗಳಿವೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಮಳೆಗಾಲದ ಮಂಜಿನಲ್ಲಿ ಎದುರಿನ ವಾಹನ ತೀರ ಹತ್ತಿರಕ್ಕೆ ಬರುವವರೆಗೂ ಕಾಣಿಸುವುದಿಲ್ಲ. ಅಲ್ಲಿ ತಿರುವಿಗೆ ಮುನ್ನ ಒಮ್ಮೆ ಒತ್ತಿದ ಹಾರನ್ನು ಎರಡು ವಾಹನಗಳ ಪ್ರಾಣಗಳನ್ನು ಕಾಯುತ್ತದೆ. ಕಣ್ಣು ಹೋಗಲಾರದ ಕಡೆಗೆ ದನಿ ಹೋಗುತ್ತದೆ. ಹಾರನ್ನಿನ ನಿಜವಾದ ಸ್ಥಾನ ಇದು. ಕಣ್ಣಿಗೆ ಕಾಣುವ ಕಡೆಯಲ್ಲಿ ಕಣ್ಣೇ ಸಾಕು. ಮೋಟಾರು ಸೈಕಲ್ಲಿನವನು ಕೇಳಿಸುವುದಕ್ಕಿಂತ ಕಾಣಿಸುವುದರಲ್ಲಿ ಹೆಚ್ಚು ಕ್ಷೇಮವಿದೆ. ಭಾರತದಲ್ಲಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಮುಂದೀಪವು ಹಗಲಿನಲ್ಲಿಯೂ ತಾನಾಗಿ ಬೆಳಗುವಂತಿರಬೇಕೆಂದು ಕಡ್ಡಾಯ ಮಾಡಿದ್ದು ಈ ಕಾರಣಕ್ಕಾಗಿಯೇ. ಬೆಳಗುವ ದೀಪ, ಎದ್ದು ಕಾಣುವ ಬಣ್ಣದ ಉಡುಪು, ತಲೆಯ ಮೇಲೆ ಹೆಲ್ಮೆಟ್ಟು, ಮುಂದಿನ ವಾಹನದ ಕನ್ನಡಿಯಲ್ಲಿ ಕಾಣಿಸಿಕೊಳ್ಳುವಷ್ಟು ಹಿಂದಿನ ಅಂತರ — ಇವು ಸದ್ದಿಲ್ಲದೆ ಕಾಯುವ ಕಾವಲುಗಾರರು.

ಕಥೆಯ ತರುಣನು ಮೆಕ್ಯಾನಿಕ್ಕನ ಅಂಗಡಿಯಿಂದ ಏನನ್ನು ಕೊಂಡೊಯ್ಯಬೇಕು? ತುಕ್ಕಿಲ್ಲದ ಸಂಪರ್ಕ, ನಿಯಮಕ್ಕೆ ಒಪ್ಪುವ ಸ್ಪಷ್ಟವಾದ ಹಾರನ್ನು, ಬೇಕಾದರೆ ಒಂದು ರಿಲೇ, ಒಂದು ಫ್ಯೂಸು. ಇವಿಷ್ಟು ಅವನ ಹಕ್ಕು. ಬೇರೆಯವರನ್ನು ಬೆಚ್ಚಿಬೀಳಿಸುವ ಅಧಿಕಾರವನ್ನು ಯಾವ ಅಂಗಡಿಯೂ ಮಾರಲಾರದು. ಹಣ ಕೊಟ್ಟರೆ ಗಟ್ಟಿಯಾದ ದನಿ ಸಿಕ್ಕೀತು. ಅದನ್ನು ಯಾವಾಗ ಬಳಸಬೇಕೆಂಬ ವಿವೇಚನೆಯನ್ನು ಅವನೇ ಗಳಿಸಿಕೊಳ್ಳಬೇಕು.

ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಬಾಲಕ ಬಾಲಕಿಯರು ಇಂದು ಬಹುಮಟ್ಟಿಗೆ ರಸ್ತೆಯ ಅಂಚಿನಲ್ಲಿ ನಡೆಯುವವರು. ಹಾರನ್ನಿನ ಹೊಡೆತವನ್ನು ತಿನ್ನುವವರ ಸಾಲಿನಲ್ಲಿ ಅವರಿದ್ದಾರೆ. ಶಾಲೆಯ ಹೊರಗೆ ವಾಹನವೊಂದು ಕಿರಿಚಿದಾಗ ಪಾಠ ಹೇಳುತ್ತಿರುವ ಉಪಾಧ್ಯಾಯರು ಅರ್ಧ ವಾಕ್ಯದಲ್ಲಿ ನಿಲ್ಲುವುದನ್ನು, ಸದ್ದು ಅಡಗಿದ ಮೇಲೆ ತಪ್ಪಿದ ಎಳೆಯನ್ನು ಹುಡುಕುವುದನ್ನು ಅವರು ಎಷ್ಟೋ ಬಾರಿ ಕಂಡಿದ್ದಾರೆ. 18 ವರ್ಷ ತುಂಬಿದ ಮೇಲೆ ಗೇರುಳ್ಳ ಮೋಟಾರು ಸೈಕಲ್ಲು ನಡೆಸುವ ಪರವಾನಗಿ ಅವರಿಗೂ ದೊರೆಯುತ್ತದೆ. ಆಗ ಹಾರನ್ನಿನ ಗುಂಡಿ ಅವರ ಹೆಬ್ಬೆರಳಿನ ಕೆಳಗಿರುತ್ತದೆ. ಶಾಲೆಯೊಂದರ ಮುಂದೆ ಹಾದುಹೋಗುವಾಗ, ಒಳಗೆ ಅರ್ಧಕ್ಕೆ ನಿಂತ ಆ ವಾಕ್ಯವು ನೆನಪಿಗೆ ಬಂದು ಹೆಬ್ಬೆರಳು ಹಿಂದೆ ಸರಿದರೆ, ಮುಂದೆ ಅಲ್ಲಿ ಕಲಿಯುವ ಮಕ್ಕಳಿಗೆ ಪಾಠ ಪೂರ್ತಿಯಾಗಿ ಕೇಳಿಸುತ್ತದೆ.